ಮಸಿಯಜ್ಜಿಯ ಎಡಗೈ

"ಅಕ್ಕಾ, ನಿಮ್ಮ ಮೇಲ್ಮನೆಯವರು ಇದ್ದಾರಾ? ಸಂಜೆಯೊಳಗೆ ಪೊಲೀಸರು ನನ್ನನ್ನ ಸ್ಟೇಷನ್‌ಗೆ ಕರ್ಕೊಂಡು ಹೋಗ್ತಾರಂತೆ."

ಚಿತ್ರಗಾರರ ಮಗಳು ನನ್ನ ಹೊಲಿಗೆ ಅಂಗಡಿಯ ಬಾಗಿಲಲ್ಲಿ ನಿಂತು ಹೀಗೆ ಕೇಳಿದಾಗ ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದೆ. ತೆಗೆದಿಟ್ಟು ಅವಳನ್ನು ಒಳಗೆ ಎಳೆದುಕೊಂಡೆ. ಹಿಂದಿನ ದಿನ ಮಧ್ಯಾಹ್ನ ಅವಳ ಅಪ್ಪ ಕೆಲಸದ ಕೋಣೆಯಲ್ಲಿ ಸತ್ತು ಬಿದ್ದಿದ್ದು ಇಡೀ ಬೀದಿಗೆ ಗೊತ್ತಿತ್ತು. ಅವರ ಅಂಗಿಯ ಮೇಲೆ ಮಸಿಯಲ್ಲಿ ಅದ್ದಿದ ಕೈಯ ಗುರುತು ಇತ್ತೆಂಬುದೂ ಗೊತ್ತಿತ್ತು. ಜನ ಮಕ್ಕಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡಿದ್ದರು. ಮಸಿಯಜ್ಜಿ ಬಂದಳು ಎಂದು ಜೋರಾಗಿ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಪಿಸುಗುಟ್ಟದೆ ಬಿಟ್ಟವರೂ ಇರಲಿಲ್ಲ.

ಮಸಿಯಜ್ಜಿ ನಮ್ಮ ಅಜ್ಜಿಯರು ಹೇಳುತ್ತಿದ್ದ ಕತೆ. ಮಾತಿಗೆ ತಪ್ಪಿದ ಸ್ವಂತದವರೇ ಅವಳನ್ನು ಒಳಗೆ ಕೂಡಿಹಾಕಿ ಮನೆಗೆ ಬೆಂಕಿಯಿಟ್ಟರು. ಅಂದಿನಿಂದ ಸುಳ್ಳಾಡಿದ ಮನೆಗೆಲ್ಲ ಅವಳು ಹೊಕ್ಕು ಬರುತ್ತಾಳೆ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ತುಂಬ ಮಸಿ. ಸುಳ್ಳು ಹುಟ್ಟುವುದು ಹೃದಯದಲ್ಲಿ, ಹಾಗಾಗಿ ಸುಳ್ಳುಗಾರನ ಹೃದಯದ ಮೇಲೆಯೇ ಕೈಯಿಡುತ್ತಾಳೆ. ಇಟ್ಟಳೆಂದರೆ ಅವನು ಇನ್ನೊಂದು ಉಸಿರು ಎಳೆಯುವುದಿಲ್ಲ.

ಈ ಕತೆಗಳನ್ನೇ ಚಿತ್ರಗಾರರು ಒಂದು ಕಾಲದಲ್ಲಿ ತಿಂಗಳಿಗೊಂದರಂತೆ ಚಿತ್ರಕತೆ ಮಾಡಿ ಬರೆದಿದ್ದರು. ಪಕ್ಕದ ಬೀದಿಯ ಬೈಂಡರು ನನ್ನ ಹಳೆಯ ಸಂಚಿಕೆಗಳನ್ನೆಲ್ಲ ಸೇರಿಸಿ ಒಂದೇ ದಪ್ಪ ಪುಸ್ತಕವಾಗಿ ಹೊಲಿದುಕೊಟ್ಟಿದ್ದ. ಮಧ್ಯಾಹ್ನ ಊಟವಾದ ಮೇಲೆ ಕಾಲು ಚಾಚಿಕೊಂಡು ಅದನ್ನು ಓದುವ ಸುಖ ಯಾವ ಹಬ್ಬಕ್ಕೂ ಬರಲಿಕ್ಕಿಲ್ಲ. ಆಗೆಲ್ಲ ಅಜ್ಜಿ ಹೊಸ್ತಿಲು ದಾಟಿದಳೋ ಇಲ್ಲವೋ ತಿಳಿಯಲು ತಿಂಗಳು ಕಾಯಬೇಕಿತ್ತು. ಈಗ ಹಾಳೆ ಮಗುಚಿದರೆ ಸಾಕು, ಅಲ್ಲೇ ನಿಂತಿರುತ್ತಾಳೆ, ಮುದುಕಿ! ಹೆದರಿ ಮುಚ್ಚುವುದು, ತಡೆಯಲಾರದೆ ಮತ್ತೆ ತೆರೆಯುವುದು. ನನಗೆ ಅದೊಂದು ಹುಚ್ಚು. ಪ್ರಕಾಶಕರೊಬ್ಬರು ಆ ಎಲ್ಲ ಕತೆಗಳ ಸಮಗ್ರ ಸಂಪುಟ ತರುತ್ತಾರೆಂದು ಕೇಳಿದಾಗಿನಿಂದ ನಾನಂತೂ ಬಾಯಿಬಿಟ್ಟು ಕಾಯುತ್ತಿದ್ದೆ.

ನನ್ನ ಮೇಲ್ಮನೆಯ ಬಾಡಿಗೆದಾರರನ್ನು ಎಲ್ಲರೂ ಸರ್ವೇಯರ್ ಎನ್ನುತ್ತಾರೆ. ಬೆಂಕಿ ಬಿದ್ದ ಗೋದಾಮುಗಳಿಗೆ ಹೋಗಿ, ಅದು ತಾನಾಗಿ ಹತ್ತಿದ್ದೋ ಯಾರಾದರೂ ಹಚ್ಚಿದ್ದೋ ಎಂದು ವಿಮಾ ಕಂಪನಿಗೆ ಹೇಳುವುದು ಅವರ ಕೆಲಸವಾಗಿತ್ತು. ನಿವೃತ್ತರಾದರೂ ಮೂಗು ನಿವೃತ್ತವಾಗಿಲ್ಲ. ಪೊಲೀಸರೂ ಆಗಾಗ ನಮ್ಮ ಮೆಟ್ಟಿಲು ಹತ್ತುತ್ತಾರೆ. ಭೂತಪ್ರೇತದ ಪುಸ್ತಕ ಅವರು ಕೈಯಲ್ಲೂ ಮುಟ್ಟಿದವರಲ್ಲ.

ಹುಡುಗಿ ಎನ್ನುತ್ತೇನೆ, ಅವಳಿಗೂ ನಲವತ್ತರ ಹತ್ತಿರ. ಅವಳು ಹೇಳಿದ್ದನ್ನು ಸರ್ವೇಯರ್ ಕಣ್ಣು ಮುಚ್ಚಿಕೊಂಡು ಕೇಳಿದರು.

"ನಿನ್ನೆ ಬೆಳಿಗ್ಗೆ ಹೊಸ ಪುಸ್ತಕದ ಮೊದಲ ಪ್ರತಿ ಕೊರಿಯರ್‌ನಲ್ಲಿ ಬಂತು. ಅಪ್ಪ ಖುಷಿಯಾಗಿ ಹಾಳೆ ತಿರುವ್ತಿದ್ರು. ಮಧ್ಯದಲ್ಲಿ ಎಲ್ಲೋ ನಿಂತ್ಬಿಟ್ರು. ಮುಖ ಕಪ್ಪಿಟ್ಟೋಯ್ತು. ಯಾರಿಗೋ ಫೋನ್ ಮಾಡಿದ್ರು. ಆಮೇಲೆ ನನ್ನನ್ನ ನಿಬ್ಬು ತರೋಕೆ ಅಂತ ಕಳಿಸಿದ್ರು. ವಾಪಸ್ ಬಂದಾಗ..."

"ಪೊಲೀಸರು ನಿನ್ನ ಮೇಲೇ ಯಾಕಮ್ಮಾ ಕಣ್ಣಿಟ್ರು?"

"ಆ ಗುರುತು ಎಡಗೈದು. ನಾನು ಎಡಚಿ. ಅದೂ ಅಲ್ದೆ, ಮೊನ್ನೆ ನಾನು ಅಪ್ಪನ ಹತ್ರ ಜಗಳ ಆಡಿದ್ದು ಅಕ್ಕಪಕ್ಕದವರೆಲ್ಲ ಕೇಳಿಸ್ಕೊಂಡಿದ್ದಾರೆ. ಸುಳ್ಳುಗಾರ ಅಂತ ಕೂಗಿದ್ದೆ."

"ಯಾಕೆ?"

"ಶಾಲೆಗೆ ಹೋಗೋ ಕಾಲದಿಂದ ಅಪ್ಪನ ಪೆನ್ಸಿಲ್ ಗೆರೆಗೆಲ್ಲ ಇಂಕ್ ಹಾಕಿದ್ದು ನಾನು, ಸರ್. ಹೊಸ ಪುಸ್ತಕದಲ್ಲಿ ನನ್ನ ಹೆಸರು ಹಾಕಿಸ್ತೀನಿ ಅಂತ ಮಾತು ಕೊಟ್ಟಿದ್ರು. ಮುಖಪುಟದ ಮಾದರಿ ಬಂದಾಗ ನೋಡಿದ್ರೆ ಅವರದೊಂದೇ ಹೆಸರು." ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನಾನು ಅವರ ಜೊತೆ ಆಡಿದ ಕೊನೇ ದೊಡ್ಡ ಮಾತು ಅದು."

ಸರ್ವೇಯರ್ ಚಪ್ಪಲಿ ಹುಡುಕತೊಡಗಿದರು.

ಚಿತ್ರಗಾರರ ಮನೆಯಲ್ಲಿ ಹಗಲಲ್ಲೂ ಕತ್ತಲೆ ಕವಿದಂತಿತ್ತು. ಕೆಲಸದ ಕೋಣೆಯ ಒಂದೇ ಕಿಟಕಿಯ ಕೆಳಗೆ ಇಳಿಜಾರು ಮೇಜು, ಅದರ ಪಕ್ಕದಲ್ಲಿ ಹಾಳೆ ಒತ್ತುವ ಕಬ್ಬಿಣದ ಯಂತ್ರ. ಅದರ ಮೂಲೆಗೆ ತಲೆ ಬಡಿದೇ ಅವರು ಸತ್ತಿದ್ದು. ದೀಪದ ಹೊಗೆಯಿಂದ ಮಸಿ ಹಿಡಿದು ಇಂಕನ್ನು ತಾವೇ ತಯಾರಿಸುವುದು ಅವರ ಹಳೆಯ ಪದ್ಧತಿ. ಮಸಿಯ ತಟ್ಟೆ ಮೇಜಿನ ಮೇಲಿತ್ತು, ಅದರ ನಡುವೆ ಅಂಗೈ ಒತ್ತಿದ ಕುಳಿ. ಹೊಸ ಪುಸ್ತಕ ಪಕ್ಕದಲ್ಲೇ ತೆರೆದುಕೊಂಡು ಬಿದ್ದಿತ್ತು. ಆ ಪುಟದಲ್ಲಿ ಮಸಿಯಜ್ಜಿ ಕೈ ಚಾಚಿದ್ದಳು.

ಇನ್‌ಸ್ಪೆಕ್ಟರ್ ಅಂಗಿಯನ್ನು ತೋರಿಸಿದರು. ಬಿಳಿ ಅಂಗಿ, ನಾನೇ ಹೊಲಿದದ್ದು. ಎಡಗಡೆ ಜೇಬು ಹಾಲಿನ ಹಾಗೆ ಶುಭ್ರವಾಗಿತ್ತು. ಬಲಗಡೆ ಎದೆಯ ಮೇಲೆ ಎಡಗೈಯ ಐದೂ ಬೆರಳು ಎದ್ದು ಕಾಣುತ್ತಿದ್ದವು.

"ಯಾರೋ ಬಲವಾಗಿ ನೂಕಿದ್ದಾರೆ. ಬಿದ್ದ ಮೇಲೆ ಈ ಗುರುತು ಒತ್ತಿದ್ದಾರೆ," ಎಂದರು ಇನ್‌ಸ್ಪೆಕ್ಟರ್. "ಕೈ ಅಳತೆ ಹಿಡಿಯೋಣ ಅಂದ್ರೆ ಬೆರಳಿನ ಅಂಚುಗಳೆಲ್ಲ ಜಾರಿ ಕಲಸಿಹೋಗಿವೆ. ಆದ್ರೆ ಎಡಗೈ ಅನ್ನೋದ್ರಲ್ಲಿ ಅನುಮಾನ ಇಲ್ಲ. ಸುಳ್ಳುಗಾರ ಅಂತ ಬೈದವಳು ಸುಳ್ಳುಗಾರನ ಗುರುತು ಹಾಕಿದ್ದಾಳೆ. ಇನ್ನೇನು ಬೇಕು ಸರ್?"

"ಸಂಜೆವರೆಗೆ ಟೈಮ್ ಕೊಡಿ," ಎಂದರು ಸರ್ವೇಯರ್.

ಜಗಲಿಯಲ್ಲಿ ಇಬ್ಬರು ಕೂತಿದ್ದರು. ಒಬ್ಬ ಬೈಂಡರು, ಸತ್ತವರ ಹಳೆಯ ಗೆಳೆಯ. ಹಳೆಯ ಸಂಚಿಕೆಗಳ ಹುಚ್ಚು ನನಗಿಂತ ಒಂದು ಕೈ ಹೆಚ್ಚು. "ಮೂಲಚಿತ್ರಗಳನ್ನ ಒಂದೇ ಒಂದು ಸಲ ಮುಟ್ಟಿ ನೋಡ್ಬೇಕು ಅಂತಿದ್ದೆ. ಅಷ್ಟಕ್ಕೂ ಋಣ ಇರ್ಲಿಲ್ಲ," ಎಂದು ಮಗುವಿನ ಹಾಗೆ ಅಳುತ್ತಿದ್ದ.

"ಅಳ್ಬೇಡಿ. ಮೂಲಚಿತ್ರಗಳು ಪ್ರೆಸ್ಸಿನ ಬೀರುವಿನಲ್ಲಿ ಭದ್ರವಾಗಿವೆ. ಅವನ್ನೇ ನೋಡಿ ಪುಸ್ತಕ ಅಚ್ಚು ಹಾಕಿದ್ದು," ಎಂದು ಸಮಾಧಾನ ಮಾಡಿದವರು ಪ್ರಕಾಶಕರು. ಇಸ್ತ್ರಿ ಕೆಡದ ಅಂಗಿ, ಬೆಣ್ಣೆಯಂಥ ಮಾತು. "ನಾನು ಈ ಮನೆಗೆ ಬರದೇ ತಿಂಗಳ ಮೇಲಾಯ್ತು. ಇಂಥ ದಿನ ಬರ್ಬೇಕಾಯ್ತಲ್ಲ! ಚಿಕ್ಕಂದಿನಲ್ಲಿ ಹೊದಿಕೆಯೊಳಗೆ ಟಾರ್ಚ್ ಹಿಡ್ಕೊಂಡು ಪ್ರತಿ ಸಂಚಿಕೆ ಓದ್ತಿದ್ದವನು ನಾನು."

ನನಗೆ ಅವರ ಮೇಲೆ ಪ್ರೀತಿಯೇ ಹುಟ್ಟಿತು ಎಂದರೆ ನೀವು ನಗಬಹುದು. ನಮ್ಮ ಜಾತಿಯ ಹುಚ್ಚು ಎಂದುಕೊಂಡೆ.

ಇನ್‌ಸ್ಪೆಕ್ಟರರ ಒಪ್ಪಿಗೆ ಪಡೆದು ಹೊಸ ಸಂಪುಟವನ್ನು ಅಂಗಡಿಗೆ ತಂದೆವು. ಮೇಲ್ಮನೆಯವರು ತಲೆ ಮೇಲೆ ಕೈಹೊತ್ತು ಕೂತರು. ಸಾವಿನ ಮನೆಯಿಂದ ಬಂದ ಪುಸ್ತಕ ಎಂದು ಗೊತ್ತಿದ್ದರೂ ನನ್ನ ಕೈ ಕೇಳಬೇಕಲ್ಲ! ಓದತೊಡಗಿದೆ. ಕಾಗದ ಎಷ್ಟು ನುಣುಪು! ಮಾತುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಹೊಸದಾಗಿ ಜೋಡಿಸಿದ್ದರು. ಆದರೂ ನಡುವಿನ ಕತೆಗಳಿಗೆ ಬಂದಾಗ ಏನೋ ಇರುಸುಮುರುಸು. ಗೊತ್ತಿರುವ ಮನೆಯೊಳಗೆ ಯಾರೋ ಸಾಮಾನು ಸರಿಸಿಟ್ಟ ಹಾಗೆ. ಓದುತ್ತಾ ಓದುತ್ತಾ ಕೋಪವೇ ಬಂತು.

"ಇವರಿಗೇನು ಬಂದಿತ್ತು ಧಾಡಿ! ಗಂಡಸರ ಅಂಗಿಗೆಲ್ಲ ಹೆಂಗಸರ ಥರ ಗುಂಡಿ ಪಟ್ಟಿ. ಜೇಬು ಬೇರೆ ಬಲಗಡೆ. ಇಂಥ ಅಂಗಿ ಹೊಲಿದ್ರೆ ಗಿರಾಕಿ ನನ್ನ ಮುಖಕ್ಕೆ ಎಸೀತಾನೆ."

"ಏನಂದ್ರಿ ಓನರಮ್ಮಾ?" ಸರ್ವೇಯರ್ ಎದ್ದೇ ಬಿಟ್ಟರು.

"ಅಂಗಿ ಉಲ್ಟಾ ಅಂದೆ."

"ನಿಮ್ಮ ಹಳೇ ಪುಸ್ತಕ ಕೊಡಿ ಇಲ್ಲಿ."

ಎರಡನ್ನೂ ಅಕ್ಕಪಕ್ಕ ಹರಡಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಪ್ರೆಸ್ಸಿಗೊಂದು, ಇನ್‌ಸ್ಪೆಕ್ಟರಿಗೊಂದು ಫೋನ್ ಮಾಡಿದರು. ನಾನು ಕೇಳಿದ್ದಕ್ಕೆ, "ಸಂಜೆ ನಿಮ್ಮ ಅಂಗಡಿಯಲ್ಲಿ ಎಲ್ಲರನ್ನೂ ಸೇರಿಸ್ತೀನಿ, ನಾಲ್ಕು ಕುರ್ಚಿ ಹಾಕಿಡಿ," ಎಂದಷ್ಟೇ ಹೇಳಿದರು. ಅವರ ಈ ಬುದ್ಧಿಗೆ ನನಗೆ ಮೈ ಉರಿಯುತ್ತದೆ.

ಹೊತ್ತು ಇಳಿಯುವಾಗ ಅಂಗಡಿ ತುಂಬಿತು. ಬೀದಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಇನ್‌ಸ್ಪೆಕ್ಟರ್ ಬಾಗಿಲಿಗೆ ಒರಗಿ ನಿಂತರು, ಮಗಳು ಮೂಲೆಯ ಸ್ಟೂಲಿನ ಮೇಲೆ ಮುದುಡಿಕೊಂಡಳು. ನಡುವೆ ಅಂಗಿ ತೊಡಿಸಿಡುವ ನನ್ನ ಮರದ ಗೊಂಬೆ. ತಲೆಯಿಲ್ಲದ ಆ ಗೊಂಬೆ ಅಂದು ನನಗೇ ಭಯ ಹುಟ್ಟಿಸಿತು.

"ನಾನು ಈ ಕತೆಗಳನ್ನ ಓದಿದವನಲ್ಲ," ಎಂದರು ಸರ್ವೇಯರ್. "ಪ್ರಕಾಶಕರೇ, ನೀವು ಚಿಕ್ಕಂದಿನಿಂದ ಬಲ್ಲವರು. ಮಸಿಯಜ್ಜಿ ಹೇಗೆ ಕೈಯಿಡ್ತಾಳೆ, ಈ ಗೊಂಬೆ ಮೇಲೆ ತೋರಿಸ್ತೀರಾ?"

"ಅದಕ್ಕೇನಂತೆ!" ಪ್ರಕಾಶಕರು ಎದ್ದರು. ದೀಪ ಹಿಡಿದವರಂತೆ ಬಲಗೈ ಎತ್ತಿ, ಎಡಗೈ ಚಾಚಿ, ಗೊಂಬೆಯ ಬಲ ಎದೆಯ ಮೇಲೆ ನಿಧಾನವಾಗಿ ಇಟ್ಟರು. "ಅಜ್ಜಿ ಎಡಚಿ. ಓದಿದವರಿಗೆಲ್ಲ ಗೊತ್ತು."

"ಅಯ್ಯೋ, ಹೃದಯ ಆ ಕಡೆ ಎಲ್ಲಿದೆ ರೀ!" ನನ್ನ ಬಾಯಿಂದ ಹಾರಿಹೋಯಿತು.

ಸರ್ವೇಯರ್ ಕೈಸನ್ನೆ ಮಾಡಿ ನನ್ನನ್ನು ಸುಮ್ಮನಾಗಿಸಿ ಬೈಂಡರನ್ನು ಕರೆದರು. ಅವನು ದೀಪ ಹಿಡಿದವನಂತೆ ಎಡಗೈ ಎತ್ತಿ, ಬಲಗೈಯನ್ನು ಗೊಂಬೆಯ ಎಡ ಎದೆಯ ಮೇಲಿಟ್ಟ. ಕೊನೆಗೆ ಮಗಳು ಬಂದಳು. ಎಡಚಿಯಾದ ಅವಳೂ ಯೋಚಿಸದೆ ಬಲಗೈಯನ್ನೇ ಎತ್ತಿ ಗೊಂಬೆಯ ಹೃದಯದ ಮೇಲೆ ಇಟ್ಟಳು. "ಅಜ್ಜಿ ಹೀಗೇ ಇಡೋದು," ಎಂದಳು.

"ಹಾಗಾದ್ರೆ ಇಷ್ಟು ದಿನ ನೀವು ಓದಿದ್ದು ಯಾವ ಸಂಚಿಕೆ ಪ್ರಕಾಶಕರೇ?" ಸರ್ವೇಯರ್ ಎರಡೂ ಪುಸ್ತಕ ತೆರೆದು ಎಲ್ಲರ ಮುಂದಿಟ್ಟರು. ಹಳೆಯದರಲ್ಲಿ ಬಲಗೈ, ಹೊಸದರಲ್ಲಿ ಎಡಗೈ. ಚಿತ್ರವೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿಕೊಂಡಿತ್ತು. "ನೀವು ಹಳೇದನ್ನ ಯಾವತ್ತೂ ತೆರೆದವರಲ್ಲ. ನಿಮಗೆ ಗೊತ್ತಿರೋ ಅಜ್ಜಿ ಈ ಹೊಸ ಪುಸ್ತಕದವಳು ಮಾತ್ರ. ಇಂಥ ಅಜ್ಜಿ ಇನ್ನೆಲ್ಲೂ ಇಲ್ಲ. ಅಂಗಿ ಮೇಲಿರೋ ಕೈಯೂ ಇವಳದೇ."

"ಆ ಪುಸ್ತಕ ಇವಳ ಮನೇಲೇ ಇತ್ತಲ್ಲ ಸರ್," ಎಂದರು ಇನ್‌ಸ್ಪೆಕ್ಟರ್, ಮಗಳ ಕಡೆ ತಿರುಗಿ.

"ಇತ್ತು. ಆದ್ರೆ ಇವಳು ಅಜ್ಜಿ ಕೈಯನ್ನ ಎಷ್ಟು ಸಲ ಬರೆದಿದ್ದಾಳೆ ಲೆಕ್ಕ ಇದೆಯಾ? ಎಡಗೈಲೇ ಒತ್ತಿದ್ರೂ ಹೃದಯದ ಮೇಲೇ ಒತ್ತಿರೋಳು. ಕತೆಯ ಜೀವ ಇರೋದೇ ಅಲ್ಲಿ. ಅದನ್ನ ಕೇಳದವನು ಮಾತ್ರ ತೆರೆದ ಪುಟ ನೋಡ್ಕೊಂಡು ಬಲಗಡೆ ಒತ್ತೋಕೆ ಸಾಧ್ಯ."

"ತಪ್ಪು ಅಚ್ಚಾದ್ರೆ ನಾನು ಕೊಲೆಗಾರನಾ?" ಪ್ರಕಾಶಕರು ನಗಲು ನೋಡಿದರು, ಆಗಲಿಲ್ಲ.

"ತಪ್ಪು ಹೇಗಾಯ್ತು ಅಂತ ಕೇಳಿ. ಕಾಗದದ ಮೇಲಿನ ಚಿತ್ರಕ್ಕೆ ಒಂದೇ ಮುಖ. ಹಳೇ ಕಾಲದ ಅಚ್ಚಿನ ಫಿಲ್ಮು ಕಿಟಕಿ ಗಾಜಿದ್ದ ಹಾಗೆ, ಯಾವ ಕಡೆಯಿಂದ ನೋಡಿದ್ರೂ ಚಿತ್ರ ಕಾಣುತ್ತೆ. ಈ ಪುಸ್ತಕ ಅಚ್ಚಾಗಿದ್ದು ಆ ಫಿಲ್ಮುಗಳಿಂದ, ಕೆಲವನ್ನ ಮಗುಚಿ ಇಟ್ಟಿದ್ದಾರೆ. ಮಾತೆಲ್ಲ ಹೊಸದಾಗಿ ಜೋಡಿಸಿದ್ರಿಂದ ಚಿತ್ರ ತಿರುಗಿದ್ದು ಯಾರಿಗೂ ತಿಳೀಲಿಲ್ಲ. ಅಂದ್ರೆ ಪ್ರೆಸ್ಸಿನಲ್ಲಿ ಮೂಲಚಿತ್ರ ಇರಲೇ ಇಲ್ಲ. ಫೋನ್ ಮಾಡಿದೆ, ಅವರೂ ಅದನ್ನೇ ಹೇಳಿದ್ರು. ಚಿತ್ರಗಾರರಿಗೆ ಒಂದು ನೋಟಕ್ಕೇ ಗೊತ್ತಾಯ್ತು. ಫೋನ್ ಮಾಡಿ ನಿಮ್ಮನ್ನ ಕರೆಸಿ, ನನ್ನ ಚಿತ್ರಗಳೆಲ್ಲಿ ಅಂತ ಕೇಳಿದ್ರು. ಹೇಗೆ ಕಂಡುಹಿಡಿದೆ ಅಂತ ಮಾತ್ರ ಹೇಳಲಿಲ್ಲ, ಅದಕ್ಕೇ ನೀವು ಆ ಪುಟದ ಕೈಯನ್ನೇ ನಂಬಿ, ಕೊಲೆ ಅಜ್ಜಿ ಮೇಲೆ ಹೋಗ್ಲಿ ಅಂತ ಅಂಗಿಗೆ ಒತ್ತಿದ್ರಿ."

ಇನ್‌ಸ್ಪೆಕ್ಟರ್ ಬಾಗಿಲು ಬಿಟ್ಟು ಮುಂದೆ ಬಂದರು. "ಹಳೇ ಸಾಮಾನು ವ್ಯಾಪಾರಿ ಹತ್ರ ಆ ಚಿತ್ರಗಳು ಸಿಕ್ಕಿವೆ. ಮಾರಿದವರು ಯಾರು ಅಂತಲೂ ಹೇಳಿದ್ದಾನೆ."

ಪ್ರಕಾಶಕರ ಕೈ ಈಗ ಗೊಂಬೆಯ ಹೆಗಲ ಮೇಲಿತ್ತು. ಅದನ್ನು ಕೆಳಗಿಳಿಸಿ ಕುರ್ಚಿಯ ಮೇಲೆ ಕುಸಿದರು. ಇಸ್ತ್ರಿ ಮಾಡಿದ ಅಂಗಿಯೊಳಗೆ ಮನುಷ್ಯ ಕುಗ್ಗಿಹೋಗಿದ್ದ.

"ಸಾಯಿಸೋಕೆ ಅಂತ ಹೋಗಿರಲಿಲ್ಲ," ಎಂದರು. "ಹಣ ಕೊಡ್ತೀನಿ ಅಂದೆ. ಕೇಳಲೇ ಇಲ್ಲ ಆ ಮನುಷ್ಯ. ಕತ್ತಿನ ಪಟ್ಟಿ ಹಿಡಿದು ಒಂದೇ ಮಾತು ಕೂಗ್ತಿದ್ರು. ನೂಕಿದೆ."

"ಯಾವ ಮಾತು?"

ಕೇಳಿದ್ದು ಮಗಳು. ಪ್ರಕಾಶಕರು ಅವಳತ್ತ ನೋಡಲಾರದೆ ನೆಲ ನೋಡಿದರು.

"ಅವು ನನ್ನವಲ್ಲ ಕಣೋ, ನನ್ನ ಮಗಳವು. ಪುಸ್ತಕದ ಮೇಲೆ ಹೆಸರು ಹಾಕಿಸೋಕೆ ನನ್ನ ಅಹಂಕಾರ ಬಿಡಲಿಲ್ಲ. ಚಿತ್ರಗಳನ್ನಾದ್ರೂ ಅವಳ ಕೈಗೆ ಇಡ್ತೀನಿ, ಕೊಡು, ಅಂತ."

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಇನ್‌ಸ್ಪೆಕ್ಟರ್ ಪ್ರಕಾಶಕರ ತೋಳು ಹಿಡಿದು ಎಬ್ಬಿಸಿದರು. ಮಗಳು ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆಯಲಿ ಎಂದೂ ಅನ್ನಿಸಿತು.

"ಇನ್ನೊಂದು ಸಲ ಹೇಳಿ," ಎಂದಳು. "ಅಪ್ಪ ಹೇಳಿದ ಹಾಗೇ ಹೇಳಿ."

ಅವರು ಹೇಳಿದರು. ಅವಳು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿಸಿಕೊಂಡು, ಆಮೇಲೆ ದಾರಿ ಬಿಟ್ಟಳು.