ಕಾರಿನೊಳಗಿನ ಚಪ್ಪಲಿ

"ಅಪ್ಪಾ, ನನ್ನ ಚಪ್ಲಿ ನೋಡೀಯೇನು?"

ಕಾರಿನ ಕೆಳಗಿಂದ ಉತ್ತರ ಬಂತು. "ಕಾರಿನ್ಯಾಗ ಅದಾವ ನೋಡವಾ."

ಐದನೆಯ ಇಯತ್ತೆ ಓದುವ ಶಿವಗಂಗಾ ಹಿಂದಿನ ಸೀಟು ನೋಡಿದಳು, ಮುಂದಿನ ಸೀಟು ನೋಡಿದಳು. ಸೀಟಿನ ಮೇಲೆ ಅವ್ವನ ಹಳೆಯ ಸೀರೆಗಳ ಕೌದಿ ಹೊಲಿದು ಹಾಕಿತ್ತು, ಚಪ್ಪಲಿ ಇರಲಿಲ್ಲ.

"ಎಲ್ಲೆ ಅದಾವಪಾ?"

"ಇಂಜಿನ್ ಬುಡಕ. ತುಂಡ ಮಾಡಿ ಇಟ್ಟೀನಿ. ರಬ್ಬರ್ ಇಲ್ಲಂದ್ರ ಇಂಜಿನ್ ಗಡಗಡ ನಡಗತೈತಿ. ಅಗದಿ ಚಲೋ ರಬ್ಬರ್ ಬಿಡು ನಿನ್ನ ಚಪ್ಲೀದು!"

ಇಷ್ಟು ಹೊಗಳಿದರೂ ಶಿವಗಂಗಾಳಿಗೆ ಅಳುವೇ ಬಂತು. ಹೊಸ ಕೆಂಪು ಚಪ್ಪಲಿ! ಬರುವ ಸೋಮವಾರ ಶಾಲೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬರುವವರಿದ್ದರು. ಅವರ ಮುಂದೆ ನಿಂತು ಪ್ರಾರ್ಥನೆ ಹೇಳುವವಳು ಅವಳೇ.

"ಯಾಕ ಅಳ್ತಿ? ಸೋಮವಾರ ಕಾರಿನ್ಯಾಗ ಹೋಗಿ ಇಳಿಯಾಕಿ ನೀ. ಕಾಲು ಯಾರು ನೋಡ್ತಾರ?"

ಅಪ್ಪ ಆ ಹಳೆಯ ಆಸ್ಟಿನ್ ಕಾರನ್ನು ಎತ್ತು ಕಟ್ಟಿ ಎಳೆದು ತಂದು ಮೂರು ತಿಂಗಳಾಗಿತ್ತು. ಬ್ಯಾಟರಿ ಟ್ರ್ಯಾಕ್ಟರಿನದು, ಹಾರ್ನ್ ಲಾರಿಯದು, ಬಣ್ಣ ಎತ್ತಿನ ಕೋಡಿಗೆ ಬಳಿದು ಉಳಿದದ್ದು. ಕಾರಿಗೆ ಏನಾದರೂ ಬೇಕಾದಾಗಲೆಲ್ಲ ಮನೆಯಲ್ಲಿ ಒಂದು ಸಾಮಾನು ಮಾಯವಾಗುತ್ತಿತ್ತು.

ಹೊಲದ ಮನೆಯಿಂದ ಮೊರಬದ ಶಾಲೆಗೆ ಒಂದು ಮೈಲಿ. ದಾರಿ ತುಂಬ ಜಾಲಿಮುಳ್ಳು. ಮರುದಿನ ಕುಂಟುತ್ತ ಬಂದ ಶಿವಗಂಗಾಳನ್ನು ನೋಡಿ ಅವಳ ಕ್ಲಾಸಿನ ದೇವಕ್ಕ ಎಲ್ಲರಿಗೂ ಕೇಳುವಂತೆ ಕೂಗಿದಳು.

"ಬಂದ್ಲು ನೋಡ್ರಲೇ ಕಾರಿನಾಕಿ, ಬರಿಗಾಲಿಲೆ!"

ಅಂದಿನಿಂದ ಶಿವಗಂಗಾ ಅಪ್ಪನ ಸಂಗಡ ಮಾತು ಬಿಟ್ಟಳು. ಅಪ್ಪನಿಗೆ ಅದು ಗೊತ್ತಾದಂತೆ ಕಾಣಲಿಲ್ಲ. ಹೊಲದಿಂದ ಬಂದರೆ ಕಾರಿನ ಕೆಳಗೆ ನುಗ್ಗಿಬಿಡುತ್ತಿದ್ದ. ಹೊರಗೆ ಕಾಣುತ್ತಿದ್ದದ್ದು ಅವನ ಎರಡು ಕಾಲು ಮಾತ್ರ. ಸಿಟ್ಟಿನಲ್ಲಿ ಅವಳು ಅವುಗಳ ಕಡೆಗೂ ನೋಡಲಿಲ್ಲ.

ಸೋಮವಾರ ಬಂತು. ಅವ್ವ ಕಾರಿನ ಮುಂದೆ ಕಾಯಿ ಒಡೆದಳು. ಕಾರು ಢಂ ಎಂದು ಶುರುವಾದ ಸದ್ದಿಗೆ ಕೋಳಿಗಳೆಲ್ಲ ಮಾಳಿಗೆ ಏರಿದವು. ಶಿವಗಂಗಾ ಕೌದಿಯ ಮೇಲೆ ಸೆಟೆದು ಕುಳಿತಳು. ದೇವಕ್ಕನ ಮುಖ ಹೇಗಾಗುತ್ತದೋ ನೋಡಬೇಕು!

ಬಾವಿಯ ತನಕ ಹೋದ ಕಾರು ಕೆಮ್ಮಿತು, ನಡುಗಿತು, ನಿಂತಿತು. ಹಾರ್ನ್ ಮಾತ್ರ ಜೋರಾಗಿ ಕೂಗುತ್ತಲೇ ಇತ್ತು.

ಅಪ್ಪ ಇಳಿದು ಬಾನೆಟ್ ಎತ್ತಿದ. ಶಿವಗಂಗಾಳೂ ಇಣುಕಿದಳು. ಇಂಜಿನ್ನಿನ ಕೆಳಗೆ ಒಂದು ಬದಿಗೆ ಕೆಂಪು ತುಂಡುಗಳಿದ್ದವು. ಅವು ಅವಳವು. ಇನ್ನೊಂದು ಬದಿಗೆ ದಪ್ಪ ಕರಿ ತುಂಡುಗಳಿದ್ದವು. ಅವು ಅಪ್ಪನ ಟೈರ್ ಚಪ್ಪಲಿಯವು.

ಅವಳು ಅಪ್ಪನ ಕಾಲು ನೋಡಿದಳು. ಬರಿಗಾಲು. ಹಿಮ್ಮಡಿಗೆ ಹಳೆಯ ಅರಿವೆ ಸುತ್ತಿಕೊಂಡಿದ್ದ.

"ಇದಕ್ಕ ಒಂದು ತಾಸು ಬೇಕವಾ," ಎಂದ ಅಪ್ಪ, ಅವಳ ಮುಖ ನೋಡದೆ. "ಪ್ರಾರ್ಥನಾ ತಪ್ಪತೈತಿ. ನಡಕೋತ ಹೋಗೂಣು ನಡಿ."

ಶಿವಗಂಗಾ ಬೇಲಿಯಿಂದ ಒಂದು ಕೋಲು ಎಳೆದುಕೊಂಡಳು. ಮುಂದೆ ಮುಂದೆ ನಡೆಯುತ್ತ, ದಾರಿಯ ಜಾಲಿಮುಳ್ಳನ್ನು ಬದಿಗೆ ಸರಿಸತೊಡಗಿದಳು.

"ಅಪ್ಪಾ, ಇಲ್ಲೆ ಭಾಳ ಮುಳ್ಳ ಅದಾವು," ಎಂದಳು. "ನನ್ನ ಹಿಂದ ಬಾ."