ಪಟಿಕ ಹಾಕಿದ ನೀರು

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದ ಕಾಲ, ಬೆಳಗಿನ ಚಹಾದ ಹೊತ್ತು. ಹೊಸಪೇಟೆಯಲ್ಲಿ ಚಂದ್ರಕಲಾ ಅವರ ಮನೆ ಮುಂದೆ ಪಕ್ಕೀರಪ್ಪ ಆಟೋ ಒರೆಸುತ್ತಿದ್ದ. ಆಕೆ ಪೊಲೀಸ್ ಕೆಲಸದಿಂದ ನಿವೃತ್ತರಾಗಿ ವರ್ಷಗಳಾಗಿದ್ದವು. ಆದರೂ ಕೊಲೆ, ಕಳವು ಎಂದರೆ ಜನ ಹುಡುಕಿಕೊಂಡು ಬರುತ್ತಿದ್ದುದು ಅವರನ್ನೇ. ಅವರು ಹೊರಟ ಕಡೆಗೆಲ್ಲ ಪಕ್ಕೀರಪ್ಪನ ಆಟೋ ಹೊರಡುತ್ತಿತ್ತು.

ಅಂದು ಬಂದವಳು ಯಶವಂತನಗರದ ಸುಧಾರಾಣಿ. ಗಂಡ ದುರುಗೇಶ್ ಅದಿರಿನ ಲಾರಿ ಓಡಿಸುವವನು. ಲಾರಿ ಮಾಲೀಕ ಹೊನ್ನೂರುಸ್ವಾಮಿ ತನ್ನ ಹಿತ್ತಲಿನ ಈಜುಕೊಳದಲ್ಲಿ ಹೆಣವಾಗಿದ್ದಾನೆ, ನಸುಕಿನಲ್ಲೇ ಪೊಲೀಸರು ಗಂಡನನ್ನು ಎಳೆದೊಯ್ದಿದ್ದಾರೆ ಎಂದಳು.

"ಒಪ್ಕೊ ಅಂತ ಬಡಿಯಾಕತ್ಯಾರ್ರಿ ಅಕ್ಕಾರ. ಸಂಜಿತನಕ ಅವನ ಜೀವ ಉಳಿಯಂಗಿಲ್ಲ."

ಮೂವರೂ ಹೊನ್ನೂರುಸ್ವಾಮಿಯ ಹಿತ್ತಲು ಮುಟ್ಟಿದಾಗ ಹೆಣವನ್ನು ಇನ್ನೂ ಎತ್ತಿರಲಿಲ್ಲ. ನಾಲ್ಕು ಎಮ್ಮೆ ನಿಂತರೆ ತುಂಬಿಹೋಗುವ ಕೊಳ, ಎದೆಮಟ್ಟದ ನೀರು. ಗಣಿಧೂಳಿನ ಊರಿನಲ್ಲಿ ಅಷ್ಟು ತಿಳಿಯಾದ ನೀರನ್ನು ಪಕ್ಕೀರಪ್ಪ ಕಂಡಿರಲಿಲ್ಲ. ತಳದಲ್ಲಿ ಹೊನ್ನೂರುಸ್ವಾಮಿ ಬೂಟುಗಾಲಲ್ಲೇ ಬೋರಲು ಬಿದ್ದಿದ್ದ. ಹಿಂದಲೆ ತೆಂಗಿನಕಾಯಿಯಂತೆ ಒಡೆದಿತ್ತು.

ಕೊಳದ ಕೆಲಸವೆಲ್ಲ ಸತ್ತವನ ತಮ್ಮ ರಾಯಣ್ಣನದು. ಹಗಲೆಲ್ಲ ಧೂಳು ಬಿದ್ದು ನೀರು ಕುಂಕುಮ ಕದಡಿದಂತಾಗುತ್ತದೆ, ಸಂಜೆ ಪಟಿಕ ಹಾಕಿದರೆ ಮಣ್ಣು ತಳಕ್ಕೆ ಕೂರುತ್ತದೆ, ಬೆಳಿಗ್ಗೆ ಪೈಪಿನಿಂದ ಎಳೆದು ತಳ ತೊಳೆಯುತ್ತೇನೆ ಎಂದ.

"ಬ್ಯಾರೆಯವರ ಕೈಗೆ ಪಟಿಕ ಕೊಡಂಗಿಲ್ರಿ ನಾ. ಬೀಗ ಹಾಕಿ ಇಡ್ತೀನಿ."

ನಿನ್ನೆಯೂ ಹೊತ್ತು ಮುಳುಗುವಾಗ ಹಾಕಿದನಂತೆ. ಅಣ್ಣ ದಂಡೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದನಂತೆ. ಆಮೇಲೆ ತಾನು ಬಸ್ಸು ಹತ್ತಿ ಸಂಡೂರಿನ ಮದುವೆಮನೆಗೆ ಹೋದೆ ಎಂದ. ಅದಕ್ಕೆ ಸಾಕ್ಷಿಗಳಿದ್ದರು. ಕತ್ತಲಾದ ಮೇಲೆ ದುರುಗೇಶ್ ಗೇಟಿನ ಮುಂದೆ ನಿಂತು, ನಾಲ್ಕು ಜನರೆದುರು ತನ್ನ ಕಪಾಳಕ್ಕೆ ಹೊಡೆದ ಮಾಲೀಕನನ್ನು ಕಡಿದು ಹಾಕುತ್ತೇನೆಂದು ಕೂಗಿದ್ದನ್ನು ಓಣಿಯೇ ಕೇಳಿತ್ತು. ಠಾಣೆಯ ಸಾಹೇಬರಿಗೆ ಅಷ್ಟು ಸಾಕಾಗಿತ್ತು.

ಹೆಣ ಎತ್ತಲು ಪಕ್ಕೀರಪ್ಪನೂ ನೀರಿಗಿಳಿದ. ಅಂಗಾಲಿಗೆ ಕೆಸರು ಮೊಸರಿನಂತೆ ಮೆತ್ತಗಿತ್ತು. ಸತ್ತವನ ಅಂಗಿಯ ಬೆನ್ನ ಮೇಲೂ ಅದೇ ಕೆಸರು, ದುಪ್ಪಟಿ ಹೊದಿಸಿದಂತೆ. ಮೆಲ್ಲಗೆ ಎತ್ತಿದಾಗ ಕೆಳಗೆ ಮನುಷ್ಯನ ಆಕಾರದಲ್ಲಿ ನೀಲಿ ಟೈಲ್ಸ್ ಕಂಡಿತು.

"ಕೆಳಗ ಕೆಸರಿಲ್ಲೇನು?" ಚಂದ್ರಕಲಾ ಕೇಳಿದರು.

"ಇಲ್ರಿ ಅಕ್ಕಾರ. ತೊಳದಿಟ್ಟಂಗೈತಿ."

ಮಧ್ಯಾಹ್ನ ಆಕೆ ಎಲ್ಲರನ್ನೂ ದಂಡೆಗೆ ಕರೆಸಿದರು. ದುರುಗೇಶನ ತುಟಿ ಸೀಳಿತ್ತು. ನಿಲ್ಲಲಾರದೆ ಹೆಂಡತಿಗೆ ಒರಗಿದ್ದ.

"ಕೆಸರು ಕುಂತ ಮ್ಯಾಲೆ ಬಿದ್ದಿದ್ರ ಅದು ಎದಿ ಕೆಳಗ ಇರಬೇಕಿತ್ತು," ಎಂದರು ಚಂದ್ರಕಲಾ. "ಇಲ್ಲಿ ಬೆನ್ನ ಮ್ಯಾಲೈತಿ. ಅಂದ್ರ ಪಟಿಕ ಬೀಳೂಕಿಂತ ಮುಂಚೇನೇ ಹೆಣ ಬಿದ್ದಿತ್ತು. ಆವಾಗ ದುರುಗೇಶ್ ಹೊಸಪೇಟ್ಯಾಗ ಅದಿರು ಇಳಿಸಾಕತ್ತಿದ್ದ, ಕಂಡವರದಾರ. ಪಟಿಕ ಹಾಕಿದವ ಯಾರು, ನೀನೇ ಹೇಳೀದಿ ರಾಯಣ್ಣ."

ನಿನ್ನೆ ಸಂಜೆ ಯಾರಿಗೂ ರಕ್ತ ಯಾಕೆ ಕಾಣಲಿಲ್ಲವೆಂದು ಸಾಹೇಬರು ಕೇಳಿದರು. ಯಶವಂತನಗರದಲ್ಲಿ ನೀರು ಕೆಂಪಗಿದ್ದರೆ ಯಾರು ತಿರುಗಿ ನೋಡುತ್ತಾರೆ ಎಂದರು ಆಕೆ. ಅಣ್ಣ ದಂಡೆಯಲ್ಲಿ ಕೂತಿದ್ದ ಎಂಬುದೊಂದೇ ಸುಳ್ಳು, ಉಳಿದಿದ್ದೆಲ್ಲ ರಾಯಣ್ಣ ನಿಜವನ್ನೇ ಹೇಳಿದ್ದಾನೆ ಎಂದೂ ಹೇಳಿದರು.

ರಾಯಣ್ಣ ಗೋಡೆಗೊರಗಿಸಿದ್ದ ಹಾರೆ ಕಿತ್ತುಕೊಂಡು ಅವರತ್ತ ಬೀಸಿದ. ಪಕ್ಕೀರಪ್ಪ ಅಡ್ಡ ಹೋದ. ಅವನ ತೋಳು ಸೌದೆ ಮುರಿದಂತೆ ಸದ್ದು ಮಾಡಿತು. ಮೂವರು ಪೇದೆಗಳು ರಾಯಣ್ಣನನ್ನು ನೆಲಕ್ಕೆ ಕೆಡವಿ ಮುಖ ಒತ್ತಿ ಹಿಡಿದರು.

"ಅಣ್ಣ ದಿನಾ ಗಣಿಯಿಂದ ಬಂದು ಬೂಟುಗಾಲಲ್ಲೇ ನೀರಿಗೆ ಇಳೀತಿದ್ದ," ಎಂದ ಬಾಯಲ್ಲಿ ಮಣ್ಣು ತುಂಬಿಕೊಂಡೇ. "ನೀರು ಕಾಯೋ ನಾಯಿ, ಮತ್ತ ತಿಳಿ ಮಾಡಲೇ ಅಂತಿದ್ದ. ನಿನ್ನೆ ಹಾರಿಲೆ ಬಡದೆ."

"ಬಡದ ಮ್ಯಾಲೆ ಪಟಿಕ ಯಾಕ ಹಾಕಿದೆ?" ಎಂದರು ಸಾಹೇಬರು.

"ನೀರು ಕೆಟ್ಟಿತ್ತಲ್ರಿ."

ಬುಧವಾರ ರಾಯಣ್ಣನನ್ನು ಬಳ್ಳಾರಿ ಜೈಲಿಗೆ ಸಾಗಿಸಿದರು. ಶುಕ್ರವಾರ ಆಸ್ಪತ್ರೆಯಿಂದ ಹೊರಬಂದ ದುರುಗೇಶ್, ಇನ್ನು ಈ ಊರಲ್ಲಿ ಲಾರಿ ಮುಟ್ಟುವುದಿಲ್ಲವೆಂದು, ಸುಧಾರಾಣಿಯ ಹೆಗಲು ಹಿಡಿದು ಕಂಪ್ಲಿಯ ಬಸ್ಸು ಹತ್ತಿದ.