ಹೊಸ ಸೀಸೆಯ ಮೊದಲ ಸೂಜಿ

೨೦೧೪ರ ಮಾರ್ಚ್ ೯ರ ಬೆಳಿಗ್ಗೆ ಕೊಲ್ಲಿ ದೇಶದ ಮಹಬೂಲಾ ಬಡಾವಣೆಯಲ್ಲಿದ್ದ ಭರಮಣ್ಣ ದೂರು ಕೊಡಲು ಠಾಣೆಗೆ ಬಂದ. ರಾಯ್ ಪ್ರದೇಶದ ವರ್ಕ್‌ಶಾಪೊಂದರಲ್ಲಿ ಟೆಕ್ನಿಷಿಯನ್ ಆಗಿದ್ದ ಅವನಿಗೆ ಅರಬಿ ಅಷ್ಟಕ್ಕಷ್ಟೆ. ತನಿಖಾಧಿಕಾರಿ ನಾಸರ್ ದುಭಾಷಿ ಸುಕುಮಾರನನ್ನು ಕರೆಸಿದರು.

"ನನ್ನ ಹೇಣ್ತಿ ಸೀಮಾ ನಿನ್ನೆ ತೀರಿಕೊಂಡ್ಲ್ರಿ. ಕೂದ್ಲ ಉದುರತಾವಂತ ತಲಿಗೆ ಸೂಜಿ ಹಾಕಿಸ್ಕೊಂಡು ಬಂದಿದ್ಲು. ಮನಿಗೆ ಬರೋದ್ರಾಗ ಮಾರಿ ಬಾತಿತ್ತು, ಉಸಿರ ಹತ್ತವಲ್ದಾಗಿತ್ತು."

"ಸೂಜಿ ಹಾಕಿದ್ದು ಯಾರು?"

"ಹೆಸರ ಹೇಳಲಿಲ್ರಿ. ಹೇಳಬ್ಯಾಡಂತ ಆಣಿ ಹಾಕ್ಸ್ಯಾರಂದ್ಲು."

ಶವಪರೀಕ್ಷೆಯ ವರದಿ ಮಂಗಳವಾರ ಬಂತು. ಔಷಧ ಮೈಗೆ ಒಗ್ಗದೆ ಸಾವು. ಸೀಮಾಳ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ತೀರಾ ಕಡಿಮೆಯಿತ್ತು. ಕೂದಲು ಉದುರಲು ಅದೇ ಕಾರಣ, ದಿನಕ್ಕೊಂದು ಮಾತ್ರೆ ಸಾಕಿತ್ತು ಎಂದರು ವೈದ್ಯರು.

"ಇದನ್ನೂ ಅವನಿಗೆ ಹೇಳಬೇಕಾ?" ಎಂದು ಸುಕುಮಾರ ಕೇಳಿದ.

"ಹೇಳಬೇಕು," ಎಂದರು ನಾಸರ್.

"ದಿನಾ ಒಂದ ಗುಳಿಗಿ ಸಾಕಿತ್ತೇನ್ರಿ?" ಎಂದು ಭರಮಣ್ಣ ಮತ್ತೆ ಮತ್ತೆ ಕೇಳಿದ. ಸುಕುಮಾರನಿಗೆ ತನ್ನ ಕೆಲಸದ ಮೇಲೆಯೇ ಹೇಸಿಗೆಯಾಯಿತು.

ಭರಮಣ್ಣನ ಪಕ್ಕದ ಫ್ಲ್ಯಾಟಿನ ರಮ್ಲಾಳನ್ನು ವಿಚಾರಿಸಿದಾಗ ಸುಳಿವು ಸಿಕ್ಕಿತು. "ಮೇಲಿನ ಮಹಡಿಯ ವಾರಿಜಕ್ಕನ ಹತ್ರ ಹೋಗ್ತಿದ್ಲು ಸಾರ್. ಅವರು ಎಗೈಲಾದ ಕ್ಲಿನಿಕ್ಕಲ್ಲಿ ನರ್ಸು."

ವಾರಿಜಾಳ ಬಾಗಿಲು ತೆರೆದದ್ದು ಅವಳ ಮಗಳು ಅಕ್ಷಯಾ. ಹತ್ತು ವರ್ಷದ ಹುಡುಗಿಯ ತಲೆಯಲ್ಲಿ, ಹುಬ್ಬಿನಲ್ಲಿ ಒಂದೆಳೆ ಕೂದಲಿರಲಿಲ್ಲ. ಫ್ರಿಜ್ಜಿನಲ್ಲಿ ಚೀಟಿಯಿಲ್ಲದ ಪುಟ್ಟ ಸೀಸೆಗಳು ಸಿಕ್ಕವು. ಮಹಜರು ಬರೆದು ಪ್ರಯೋಗಾಲಯಕ್ಕೆ ಕಳುಹಿಸಿದರು. ಕೂದಲು ಚಿಗುರಿಸುತ್ತದೆಂದು ಆನ್‌ಲೈನಿನಲ್ಲಿ ಮಾರುವ, ನೀರಿನಲ್ಲಿ ಕರಗಿಸಿ ಚುಚ್ಚುವ ಪೆಪ್ಟೈಡ್ ಎಂಬ ಪುಡಿ, ಅದೂ ಕಲಬೆರಕೆಯದ್ದು ಎಂದು ಉತ್ತರ ಬಂತು.

ವಿಚಾರಣೆಯಲ್ಲಿ ವಾರಿಜಾ ಏನನ್ನೂ ಅಲ್ಲಗಳೆಯಲಿಲ್ಲ.

"ಎಷ್ಟು ತಗೊಳ್ತಿದ್ರಿ?"

"ಹಣ ತಗೊಳ್ಳಲಿಲ್ಲ."

"ಮತ್ತೆ ಯಾಕೆ?"

ಅವಳು ನಾಸರರತ್ತ ನೋಡದೆ ಸುಕುಮಾರನ ಕಡೆ ತಿರುಗಿದಳು. "ಅಣ್ಣಾ, ನೀವು ನಮ್ಮ ಊರಿನ ಕಡೆಯವರಲ್ವಾ? ನಾನೀಗ ಹೇಳೋದನ್ನು ಬರೆಸಬೇಡಿ."

"ನೀವು ಹೇಳಿದ್ದನ್ನೆಲ್ಲ ನಾನು ಹೇಳಲೇಬೇಕಮ್ಮ."

ಆದರೂ ಅವಳು ಹೇಳಿದಳು. "ಆ ಸೂಜಿಯಿಂದ ಅಕ್ಷಯಾಳಿಗೆ ಒಮ್ಮೆ ಕೂದಲು ಬಂದಿತ್ತು. ಆಮೇಲೆ ಪೂರ್ತಿ ಹೋಯ್ತು. ಮತ್ತೆ ಬೇರೆ ಸೀಸೆ ತರಿಸಿ ಹಾಕಿದೆ. ಮೈಯೆಲ್ಲ ಬಾತುಹೋಯ್ತು, ಮಗು ಉಳಿದದ್ದೇ ಹೆಚ್ಚು. ಅಂದಿನಿಂದ ಹೊಸ ಸೀಸೆ ಬಂದರೆ ಮೊದಲು ಬೇರೆಯವರಿಗೆ ಹಾಕಿ ನೋಡ್ತಿದ್ದೆ."

"ಸೀಮಾಗೆ ಇದು ಗೊತ್ತಿತ್ತಾ?"

"ಇಲ್ಲ. ಪಾಪ, ನನ್ನ ಕೈ ಹಿಡ್ಕೊಂಡು ಉಪಕಾರ ನೆನೀತಿದ್ದಳು."

ಸುಕುಮಾರ ಒಂದಕ್ಷರ ಬಿಡದೆ ಅರಬಿಯಲ್ಲಿ ಹೇಳಿದ. ಅಂದೇ ಅವಳ ಬಂಧನವಾಯಿತು. ಊರಿನಿಂದ ಯಾರಾದರೂ ಬರುವವರೆಗೆ ಅಕ್ಷಯಾಳನ್ನು ರಮ್ಲಾ ನೋಡಿಕೊಳ್ಳುವುದೆಂದಾಯಿತು.

ಠಾಣೆಯ ಹೊರಗೆ ಭರಮಣ್ಣ ಬಿಸಿಲಲ್ಲೇ ನಿಂತಿದ್ದ. "ಯಾಕ ಮಾಡಿದ್ಲಂತ್ರಿ?"

ಸುಕುಮಾರ ಇದ್ದದ್ದನ್ನು ಇದ್ದಹಾಗೆ ಹೇಳಿದ.

"ಇದನ್ನ ನನಗ ಹೇಳಬಾರದಿತ್ರಿ," ಎಂದ ಭರಮಣ್ಣ. "ರೊಕ್ಕಕ್ಕ ಮಾಡಿದ್ದಿದ್ರ, ಸಾಯೋತನ ಆಕಿನ್ನ ಬೈಕೋತ ಇರತಿದ್ದೆ."